ಪ್ರದರ್ಶನಕ್ಕಿಟ್ಟ ಮಂಚ

ನಾಳೆ ಮೈಕ್ ಮುಂದೆ ದನಿ ನಡುಗಿಬಿಟ್ಟರೆ? ಈ ಅಳುಕನ್ನು ಅವಳು ತನಗೆ ತಾನೇ ಹೇಳಿಕೊಳ್ಳುತ್ತಾ ಇವತ್ತಿನ ತಾಲೀಮಿಗೆ ವೇದಿಕೆ ಹತ್ತಿದಳು. ರೋಗಿಗಳ ಸುರಕ್ಷತೆಯ ಬಗ್ಗೆ ಆಸ್ಪತ್ರೆ ನಡೆಸುವ ಸಮ್ಮೇಳನಕ್ಕೆ ಸ್ವಾಗತ ಕೋರುವ ಕೆಲಸ ಹೊಸ ನರ್ಸ್ ಆದ ಅವಳ ಹೆಗಲಿಗೆ ಬಿದ್ದಿತ್ತು. ಮೈಕ್ ಪಕ್ಕದಲ್ಲೇ ಅವಳ ವಾರ್ಡಿನ ಅಜ್ಜಿ ಮಲಗುತ್ತಿದ್ದ ಮಂಚ ನಿಂತಿತ್ತು.

ಇಡೀ ವಾರ್ಡಿನಲ್ಲಿ ಎರಡೂ ಬದಿಯ ಕಂಬಿ ಗಟ್ಟಿಯಾಗಿದ್ದದ್ದು ಅದೊಂದಕ್ಕೇ. 'ಸುರಕ್ಷಿತ ಹಾಸಿಗೆ' ಎಂದು ತೋರಿಸಲು ನಿನ್ನೆ ಅದನ್ನೇ ತಳ್ಳಿಕೊಂಡು ಬಂದಿದ್ದರು. ಅಜ್ಜಿಗೆ ಸಿಕ್ಕಿದ್ದು ಸಡಿಲ ಕಂಬಿಯನ್ನು ಬ್ಯಾಂಡೇಜ್ ಬಟ್ಟೆಯಿಂದ ಬಿಗಿದಿದ್ದ ಮಂಚ. "ಒಂದೆರಡು ದಿನ ತಾನೇ? ಅಜ್ಜಿಗೇನು ಹಾರೋಕೆ ರೆಕ್ಕೆ ಇದೆಯಾ?" ಎಂದು ಹೆಡ್ ಸಿಸ್ಟರ್ ನಕ್ಕಾಗ ಇವಳೂ ನಕ್ಕಿದ್ದಳು. ಇವತ್ತು ಬೆಳಗ್ಗೆ ಆ ಬಟ್ಟೆಯ ಗಂಟು ಸಡಿಲಿ, ಕಂಬಿ ಕಳಚಿ ಅಜ್ಜಿ ಬಿದ್ದರು, ಸೊಂಟ ಮುರಿಯಿತು. "ತಾವಾಗೇ ಇಳಿಯೋಕೆ ಹೋಗಿ ಬಿದ್ದರು ಅನ್ನಿ," ಎಂದುಬಿಟ್ಟರು ದೊಡ್ಡ ಡಾಕ್ಟರು. "ಬಾಯಿ ಬಿಟ್ಟರೆ ಮುತ್ತು ಉದುರಿ ಹೋಗುತ್ತೇನೇ?" ಅಂತ ಇವಳನ್ನು ದಿನಾ ಛೇಡಿಸುತ್ತಿದ್ದ ಅಜ್ಜಿ ಈಗ ನರಳುತ್ತಾರೆ, ಅಷ್ಟೇ.

ಮಂಚದ ಕಂಬಿಗೆ ಯಾರೋ ಹೊಳೆಯುವ ರಿಬ್ಬನ್ ಸುತ್ತಿದ್ದರು. ಅವಳು ಹಿಡಿದು ಎಳೆದು ನೋಡಿದಳು. ಕಂಬಿ ಒಂದಿಷ್ಟೂ ಅಲುಗಲಿಲ್ಲ.

"ಏನಮ್ಮಾ, ಮೂಗಿ ಥರ ನಿಂತುಬಿಟ್ಟೆ?" ಕೊನೆಯ ಸಾಲಿನಿಂದ ದೊಡ್ಡ ಡಾಕ್ಟರು ಕೂಗಿದರು. "ಏನಾದರೂ ಹೇಳು, ಇಲ್ಲೀವರೆಗೂ ಕೇಳುತ್ತಾ ನೋಡೋಣ."

ಅವಳು ಮೈಕ್ ಹತ್ತಿರಕ್ಕೆ ಎಳೆದುಕೊಂಡಳು. ದನಿ ನಡುಗಿತು, ನಡುಗಲಿ ಎಂದುಕೊಂಡಳು.

"ಅಜ್ಜಿ ತಾವಾಗೇ ಬೀಳಲಿಲ್ಲ ಸರ್. ಅವರ ಮಂಚ ಇಲ್ಲಿದೆ."