ಅರ್ಧ ಹೊಗೆಗೂಡು

"ನಮ್ಮ ಕಡೆಯದನ್ನು ಮಾತ್ರ ಗುಡಿಸಿ," ಎಂದಳು ಅಕ್ಕ.

ಹೊಗೆಗೂಡು ಗುಡಿಸುವವನು ಅಗ್ಗಿಷ್ಟಿಕೆಯೊಳಗೆ ತೂರಿಸಿದ್ದ ತಲೆಯನ್ನು ಹೊರಗೆಳೆದು, ಇದೇನು ತಮಾಷೆಯೋ ಎಂದು ಅವಳ ಗಂಡನ ಮುಖ ನೋಡಿದ. ಗಂಡ ದರ್ಜಿ. ಅವನು ಸೂರು ನೋಡಿದ. ತಮಾಷೆಯಾಗಿರಲಿಲ್ಲ. ಅಪ್ಪನ ಮನೆಯನ್ನು ಅಕ್ಕ ತಂಗಿ ಹಂಚಿಕೊಂಡಾಗ ನಡುಮನೆಯ ಮಧ್ಯೆ ಗೋಡೆ ಎದ್ದಿತ್ತು. ಅಟ್ಟ ಎರಡಾಯಿತು, ಹಿತ್ತಿಲು ಎರಡಾಯಿತು, ಮಾತು ಪೂರ್ತಿ ನಿಂತೇಹೋಯಿತು. ಹೊಗೆಗೂಡು ಮಾತ್ರ ಮಾನ ಮರ್ಯಾದೆ ಇಲ್ಲದೆ ಒಂದೇ ಆಗಿ ಉಳಿದಿತ್ತು. ಗೋಡೆಯ ಆಚೆಗೊಂದು ಅಗ್ಗಿಷ್ಟಿಕೆ, ಈಚೆಗೊಂದು. ಎರಡರ ಹೊಗೆಯೂ ಮೇಲೆ ಹೋಗಿ, ಒಡತಿಯರ ಅಪ್ಪಣೆ ಕೇಳದೆ ಬೆರೆತುಹೋಗುತ್ತಿತ್ತು.

"ಹೊಗೆಗೆ ನಿಮ್ಮ ಜಗಳ ಗೊತ್ತಿಲ್ಲಮ್ಮ," ಎಂದ ಗುಡಿಸುವವನು. "ಒಳಗೆ ಡಾಂಬರಿನ ಹಾಗೆ ಅಂಟು ಕೂತಿದೆ. ಹಸಿ ಸೌದೆ ಹಾಕಿ, ಗಾಳಿ ಆಡದ ಹಾಗೆ ಮುಚ್ಚಿಟ್ರೆ ಹೀಗೇ ಆಗೋದು. ಒಂದು ಕಿಡಿ ಸಾಕು, ಹತ್ತಿಕೊಳ್ಳುತ್ತೆ. ಗುಡಿಸಿದ್ರೆ ಪೂರ್ತಿ ಗುಡಿಸಬೇಕು. ಆಚೆ ಮನೆಯವರೂ ಬೆಂಕಿ ಆರಿಸಿ ಬಾಗಿಲು ತೆಗೀಬೇಕು."

"ಅವಳ ಬಾಗಿಲು ನಾನು ತಟ್ಟಬೇಕಾ? ಸತ್ತರೂ ಇಲ್ಲ!"

"ಅದಕ್ಕೇನೂ ಬಹಳ ತಡ ಇಲ್ಲ ಬಿಡಿ," ಎಂದು ಅವನು ಬ್ರಷ್ಷನ್ನು ಹೆಗಲಿಗೇರಿಸಿ ಹೊರಟೇಬಿಟ್ಟ.

ಅಕ್ಕ ಗಂಡನ ಕಡೆ ತಿರುಗಿದಳು. "ಹೋಗಿ ಹೇಳಿ ಆ ಮಹಾರಾಣಿಗೆ. ಅವಳ ಹಸಿ ಸೌದೆಯಿಂದ ಮನೆ ಹೊತ್ತಿಕೊಂಡರೆ ನಾನು ಒಂದು ತಂಬಿಗೆ ನೀರೂ ಕೊಡೋದಿಲ್ಲ ಅಂತ."

ದರ್ಜಿ ಹೋದ. ಗೋಡೆ ಎದ್ದಂದಿನಿಂದ ಎರಡು ಮನೆಗಳ ನಡುವೆ ಅವನೇ ಅಂಚೆ. ಬಟ್ಟೆಯ ಹಾಗೆ ಮಾತನ್ನೂ ಕತ್ತರಿಸಿ, ಚುಚ್ಚುವ ಕಡೆ ಮಡಿಚಿ ಹೊಲಿದು ತಲುಪಿಸುವುದರಲ್ಲಿ ಅವನದು ಎತ್ತಿದ ಕೈ. ತನ್ನಿಂದಲೇ ಈ ಮನೆಯಲ್ಲಿ ರಕ್ತಪಾತವಾಗಿಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

"ಏನಂತೆ ಭಾವ, ನಿಮ್ಮ ಸಾಹೇಬರದ್ದು?" ಎಂದಳು ತಂಗಿ. ಒಬ್ಬಳೇ ಇರುವ ಮನೆ. ಅಗ್ಗಿಷ್ಟಿಕೆಯಲ್ಲಿ ಹಸಿ ಕೊರಡೊಂದು ಸುಯ್ ಎಂದು ನೀರು ಕಾರುತ್ತಿತ್ತು.

ಹೇಳಬೇಕಾದದ್ದು ದರ್ಜಿಯ ನಾಲಿಗೆ ತುದಿಯವರೆಗೆ ಬಂತು. ಹಸಿ ಸೌದೆ ಅಂದರೆ ಇವಳು ಕೆರಳುತ್ತಾಳೆ, ಕೆರಳಿದರೆ ಒಂದು ಉತ್ತರ ಕೊಡುತ್ತಾಳೆ, ಆ ಉತ್ತರವನ್ನು ಹೊತ್ತುಕೊಂಡು ತಾನು ವಾಪಸ್ ಹೋಗಬೇಕು. "ಏನಿಲ್ಲ," ಎಂದ. "ಚಳಿ ಜಾಸ್ತಿ, ಹುಷಾರಾಗಿರು ಅಂದಳು."

"ಅಕ್ಕ? ಹಾಗಂದಳಾ?" ತಂಗಿಯ ಮುಖ ಒಂದು ಗಳಿಗೆ ಮೆತ್ತಗಾಯಿತು. ಆ ಮಾತಿನ ಗೌರವಕ್ಕೆ ಇನ್ನೊಂದು ಹಸಿ ಕೊರಡನ್ನು ಬೆಂಕಿಗೆ ಹಾಕಿ, ರಾತ್ರಿಯಿಡೀ ಕಾವು ನಿಲ್ಲಲೆಂದು ಗಾಳಿಯ ಕಿಂಡಿಯನ್ನು ಮುಚ್ಚಿದಳು.

"ಏನಂದಳು?" ಎಂದು ಇತ್ತ ಹೆಂಡತಿ ಕೇಳಿದಳು.

"ಯೋಚಿಸ್ತೀನಿ ಅಂದಳು."

ಶಾಂತಿ ನೆಲೆಸಿತು. ಭಾನುವಾರ ಬೆಳಗ್ಗೆ ಹೊಗೆಗೂಡು ಹೊತ್ತಿಕೊಳ್ಳುವವರೆಗೆ ನೆಲೆಸಿಯೇ ಇತ್ತು.

ಮೊದಲು ಗೋಡೆಯೊಳಗೆ ರೈಲು ಬಂದಂಥ ಸದ್ದು. ಅಕ್ಕ ಕಿವಿಗೊಟ್ಟು, "ಅವಳದ್ದೇ!" ಎಂದು ತೃಪ್ತಿಯಿಂದ ತಲೆಯಾಡಿಸಿದಳು. ಮರುಗಳಿಗೆ ಗಾರೆ ಬಿರಿದು, ಬಿರುಕಿನಿಂದ ಬೆಂಕಿ ಇಣುಕಿತು. ಬೆಂಕಿಗೆ ಆಚೆ ಈಚೆ ಎಂಬ ಭೇದವಿರಲಿಲ್ಲ. ದರ್ಜಿ ಅಗ್ನಿಶಾಮಕದವರಿಗೆ ಫೋನ್ ಮಾಡಿ ತಿರುಗಿ ನೋಡಿದರೆ ಹೆಂಡತಿ ಇಲ್ಲ. ಬೀದಿಗೆ ಓಡಿದ. ಸತ್ತರೂ ತಟ್ಟುವುದಿಲ್ಲ ಎಂದಿದ್ದ ಬಾಗಿಲನ್ನು ಅವಳು ಎರಡೂ ಮುಷ್ಟಿಯಿಂದ ಗುದ್ದುತ್ತಿದ್ದಳು. ಮೇಲೆ ಹೊಗೆಗೂಡು ಪಂಜಿನ ಹಾಗೆ ಉರಿಯುತ್ತಿತ್ತು.

"ಹೊರಗೆ ಬಾರೇ, ಕತ್ತೆ!"

"ತಲೆಗೆ ಸೋಪು ಹಾಕಿದೀನಿ!" ಒಳಗಿಂದ ಕೂಗು.

"ಸೋಪಿನ ಜೊತೆಗೇ ಬಾ!"

ಹೀಗೆ ಮೂರು ವರ್ಷದ ಮೌನ ಮುರಿಯಿತು. ಮೈಗೆ ಟವೆಲ್ಲು ಸುತ್ತಿಕೊಂಡು, ತಲೆ ತುಂಬ ನೊರೆ ಹೊತ್ತು ಬಂದ ತಂಗಿಯನ್ನು ಅಕ್ಕ ಕೈ ಹಿಡಿದು ದರದರ ಎಳೆದುಕೊಂಡು ರಸ್ತೆ ದಾಟಿಸಿದಳು. ಅವರ ಬೆನ್ನಿಗೇ ಹೊಗೆಗೂಡಿನ ಇಟ್ಟಿಗೆಗಳು ಆ ಬಾಗಿಲ ಮುಂದೆ ದಬದಬ ಉದುರಿದವು.

ಅಗ್ನಿಶಾಮಕದವರು ಬಂದು ಆರಿಸುವಷ್ಟರಲ್ಲಿ ಎರಡೂ ಮನೆಗಳ ಸೂರು ಹೋಗಿತ್ತು. ಅಷ್ಟು ಜೋಪಾನವಾಗಿ ಕಟ್ಟಿದ ನಡುಗೋಡೆ ಮಾತ್ರ ಕೂದಲೂ ಕೊಂಕದೆ ನಿಂತಿತ್ತು. ಪಕ್ಕದ ಮನೆಯವರು ಕೊಟ್ಟ ಒಂದೇ ಕಂಬಳಿಯೊಳಗೆ ಅಕ್ಕ ತಂಗಿ ಒತ್ತಿಕೊಂಡು ಕೂತಿದ್ದರು. ಅಕ್ಕ ಸೆರಗಿನಿಂದ ತಂಗಿಯ ಕಣ್ಣಿಗಿಳಿದ ನೊರೆ ಒರೆಸುತ್ತಿದ್ದಳು. ನೋಡಿ ದರ್ಜಿಯ ಕಣ್ಣು ತುಂಬಿ ಬಂತು.

"ಇಷ್ಟು ಅಂಟು ಕಟ್ಟೋವರೆಗೂ ಗುಡಿಸದೆ ಬಿಟ್ಟಿದ್ದೀರಲ್ಲ," ಎಂದ ಅಗ್ನಿಶಾಮಕದ ಅಧಿಕಾರಿ. "ನಿಮಗೆ ಯಾರೂ ಹೇಳಲಿಲ್ವಾ?"

"ನನಗ್ಯಾರು ಹೇಳಿದರು?" ಎಂದಳು ತಂಗಿ.

"ಹೇಳಿಕಳಿಸಿದ್ದೆ ಕಣೇ! ಮನೆ ಹೊತ್ತಿಕೊಳ್ಳುತ್ತೆ ಅಂತ!"

"ಚಳಿ ಜಾಸ್ತಿ, ಹುಷಾರಾಗಿರು ಅಂದೆಯಂತೆ?"

"ನಾನಾ? ನಿನಗಾ? ನೀನೇ ಅಲ್ವಾ ಯೋಚಿಸ್ತೀನಿ ಅಂದಿದ್ದು?"

"ಯಾವುದನ್ನ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ದರ್ಜಿ ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದ.

"ಅದೆಲ್ಲ ಇರಲಿ," ಎಂದ ಅಧಿಕಾರಿ. "ಇದಕ್ಕೆ ಹೊಣೆ ಯಾರು?"

ಕಂಬಳಿಯ ಆ ಅಂಚಿನಿಂದ ಒಂದು, ಈ ಅಂಚಿನಿಂದ ಒಂದು, ಎರಡು ಕೈ ಹೊರಬಂದವು. ಎರಡೂ ಬೆರಳು ದರ್ಜಿಯ ಮೂಗಿನ ನೇರಕ್ಕೆ ನಿಂತವು.