ಹಳೆಯ ಉಕ್ಕಿನ ಕ್ಲಿಪ್ಪು

ಆ ಗಂಡ ಸುಳ್ಳು ಹೇಳುತ್ತಿದ್ದಾನೆ ಎಂದು ತಂತ್ರಜ್ಞೆಗೆ ಖಾತ್ರಿಯಾಗಿತ್ತು. ಎಂಆರ್‌ಐ ಕೋಣೆಯ ಬಾಗಿಲು ಕಾಯುತ್ತ ಹದಿನಾಲ್ಕು ವರ್ಷ ಕಳೆದವಳು ಅವಳು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಅನುಮಾನದಕ್ಕ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

"ಇವಳ ತಲೆಗೆ ಯಾವ ಆಪರೇಷನ್ನೂ ಆಗಿಲ್ಲ," ಎಂದು ಗಂಡ ಮೂರನೆಯ ಸಲ ಹೇಳಿದ. "ಬೇಗ ಒಳಗೆ ಕಳಿಸಿ. ತಲೆನೋವು ತಡೆಯೋಕಾಗ್ತಿಲ್ಲ ಅವಳಿಗೆ."

ಮೇಜಿನ ಮೇಲಿದ್ದ ಹಳದಿ ಕಾರ್ಡು ಬೇರೆಯೇ ಹೇಳುತ್ತಿತ್ತು. ಯಾರೇ ಬರಲಿ, ನೆಲಮಾಳಿಗೆಯಿಂದ ಹಳೆಯ ದಾಖಲೆ ತರಿಸಿ ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಈ ಆಸ್ಪತ್ರೆಯಲ್ಲಿ ಮನೆಗೊಂದೇ ಕಾರ್ಡು, ಮನೆಗೊಂದೇ ನಂಬರು. ಇವರ ಕಾರ್ಡಿನಲ್ಲಿ ಶಸ್ತ್ರವೈದ್ಯರ ಅವಸರದ ಕೈಬರಹವಿತ್ತು. ಮೆದುಳಿನ ರಕ್ತನಾಳ ಒಂದು ಕಡೆ ಗುಳ್ಳೆಯಂತೆ ಉಬ್ಬಿ ಒಡೆದಿತ್ತು. ತಲೆಬುರುಡೆ ತೆರೆದು ಆ ಗುಳ್ಳೆಯ ಕುತ್ತಿಗೆಗೆ ಕ್ಲಿಪ್ ಹಾಕಿದ್ದರು. ಮೊದಲನೆಯದು ಜಾರಿತ್ತು, ಎರಡನೆಯದು ಕೂತಿತ್ತು. ಕೊನೆಯ ಪದದ ಕೆಳಗೆ ಎರಡು ಗೀಟು ಎಳೆದಿದ್ದರು: ಉಕ್ಕಿನದು.

ಈಗಿನ ಟೈಟಾನಿಯಂ ಕ್ಲಿಪ್ ಆಗಿದ್ದರೆ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆ ಕಾಲದ ಕೆಲವು ಉಕ್ಕಿನ ಕ್ಲಿಪ್ಪುಗಳನ್ನು ಅಯಸ್ಕಾಂತ ಸೆಳೆಯುತ್ತದೆ. ಒಳಗಿನ ಯಂತ್ರವೋ ಎಂದೂ ಆರದ ಅಯಸ್ಕಾಂತ. ಅದರ ಹತ್ತಿರ ಹೋದರೆ ಸಾಕು, ಕ್ಲಿಪ್ ತಲೆಯೊಳಗೇ ಹೊರಳಿ ರಕ್ತನಾಳ ಹರಿದೀತು. ಕೊಂದವರು ಯಾರೆಂದು ಕೇಳಿದರೆ ಯಂತ್ರವನ್ನು ತೋರಿಸಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು?

ಇಪ್ಪತ್ತೆರಡು ವರ್ಷದ ಹಿಂದೆ ಈ ಆಸ್ಪತ್ರೆಗೆ ಬಂದಿದ್ದಿರಾ ಎಂದು ಅವಳು ಕೇಳಿದಳು. ಗಂಡ ತಲೆಯ ಮೇಲಿನ ಉಣ್ಣೆಯ ಟೋಪಿಯ ಅಂಚು ಹಿಡಿದು ಹೆಂಡತಿಯ ಕಡೆ ನೋಡಿದ.

"ನಂಗೆ ಹಿಂದಿನದೆಲ್ಲ ಮಸುಕು. ಎಲ್ಲ ಇವಳೇ ನೋಡ್ಕೊಳ್ಳೋದು."

ಬೇಕಾದಾಗ ಬರುವ ಮರೆವನ್ನು ಅವಳು ಬೇಕಾದಷ್ಟು ನೋಡಿದ್ದಳು. ಹೆಂಡತಿಯನ್ನು ಬಟ್ಟೆ ಬದಲಿಸುವ ಕೋಣೆಗೆ ಕರೆದೊಯ್ದು ಚಿಲಕ ಹಾಕಿದಳು. ಸಣಕಲು ಹೆಂಗಸು, ಕಣ್ಣ ಕೆಳಗೆ ವರ್ಷಗಟ್ಟಲೆ ನಿದ್ದೆಗೆಟ್ಟ ಕಪ್ಪು. ಹೆದರಬೇಡಿ, ನಿಜ ಹೇಳಿ ಎಂದಳು ತಂತ್ರಜ್ಞೆ.

"ನನ್ನ ತಲೆಗೆ ಯಾರೂ ಕೈ ಹಾಕಿಲ್ಲ," ಎಂದಳು ಹೆಂಡತಿ, ಬಾಗಿಲ ಕಡೆ ನೋಡುತ್ತ. ಆಮೇಲೆ ದನಿ ತಗ್ಗಿಸಿ ಕೇಳಿದಳು, "ಅವರೂ ಒಳಗೆ ಬರಬಹುದು ಅಲ್ವಾ?"

"ಯಾಕೆ?"

"ಇಪ್ಪತ್ತೆರಡು ವರ್ಷದಿಂದ ಒಂದು ಗಳಿಗೆ ಬಿಟ್ಟಿದ್ದಿಲ್ಲ."

ಒಂದು ಗಳಿಗೆಯೂ ಬಿಡದ ಗಂಡ, ಅವನು ಹೇಳಿಕೊಟ್ಟಂತೆ ಉತ್ತರಿಸುವ ಹೆಂಡತಿ. ಈ ಹೆಂಗಸನ್ನು ಸಾಯಲು ಬಿಡುವುದಿಲ್ಲ ಎಂದು ತಂತ್ರಜ್ಞೆ ಆಗಲೇ ನಿಶ್ಚಯಿಸಿದಳು. ಯಾರನ್ನೂ ಕೇಳದೆ ಎಕ್ಸ್‌ರೇ ಕೋಣೆಗೆ ಕರೆದೊಯ್ದು ತಲೆಯ ಚಿತ್ರ ತೆಗೆಸಿದಳು, ಎದುರಿಂದ ಒಂದು, ಪಕ್ಕದಿಂದ ಒಂದು.

ತಲೆಯೊಳಗೆ ಏನೂ ಇರಲಿಲ್ಲ. ಉಕ್ಕೂ ಇಲ್ಲ, ಟೈಟಾನಿಯಮ್ಮೂ ಇಲ್ಲ, ಬುರುಡೆ ಕೊರೆದ ಗುರುತೂ ಇಲ್ಲ.

ದೊಡ್ಡ ಡಾಕ್ಟರು ಚಿತ್ರಗಳನ್ನು ದೀಪಕ್ಕೆ ಹಿಡಿದು ನಕ್ಕರು. ಹಳೆಯ ಗುಮಾಸ್ತರು ಯಾರದ್ದೋ ಕಾರ್ಡಿನಲ್ಲಿ ಯಾರದ್ದೋ ರೋಗ ಬರೆಸಿರುತ್ತಾರೆ, ಹಗ್ಗ ಕಂಡು ಹಾವೆನ್ನುವುದನ್ನು ಇನ್ನಾದರೂ ಬಿಡು ಎಂದರು. "ಪಾಪ ಆ ಮನುಷ್ಯನ್ನ ಬೆಳಗಿಂದ ಕೊಲೆಗಾರನ ಥರ ನೋಡ್ತಿದ್ದೀಯ."

ಅವಳಿಗೆ ನಾಚಿಕೆಯಾಯಿತು. ಹೊರಗೆ ಬಂದಾಗ ಅದು ಇನ್ನೂ ಹೆಚ್ಚಾಯಿತು. ಗಂಡ ಬೆಂಚಿನ ಮೇಲೆ ಕೂತು, ಮನೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳುತ್ತಿದ್ದ. ನನ್ನ ಹತ್ತಿರ ಎಂದಳು ಹೆಂಡತಿ. ಅರೆಕ್ಷಣ ಬಿಟ್ಟು ಅವನು ಮತ್ತೆ ಕೇಳಿದ. ಅವಳು ಅದೇ ದನಿಯಲ್ಲಿ ಅದನ್ನೇ ಹೇಳಿ, ಅವನ ಟೋಪಿಯನ್ನು ಎರಡೂ ಕಿವಿ ಮುಚ್ಚುವಂತೆ ಎಳೆದು ಕೂರಿಸಿದಳು. ಒಳಗೆ ಚಳಿ, ಹಾಕಿಕೊಂಡೇ ಇರಿ ಎಂದಳು. ಇಂಥ ಜೋಡಿಯನ್ನು ಅನುಮಾನಿಸಿದೆನಲ್ಲ ಎಂದು ತಂತ್ರಜ್ಞೆಯ ಕಣ್ಣು ತೇವವಾಯಿತು.

ತಪ್ಪಿಗೆ ಪ್ರಾಯಶ್ಚಿತ್ತವಾಗಲಿ ಎಂದು, ಒಳಗೆ ಬಂದು ಹೆಂಡತಿಯ ಕೈ ಹಿಡಿದು ಕೂರಲು ಅವನಿಗೆ ಒಪ್ಪಿಗೆ ಕೊಟ್ಟಳು. ಗಡಿಯಾರ, ಬೆಲ್ಟು, ಚಿಲ್ಲರೆ ಎಲ್ಲ ತೆಗೆಸಿದಳು. ಜೊತೆಗೆ ಬರುವವರಿಗೂ ಒಂದು ಪ್ರಶ್ನೆಪತ್ರವಿತ್ತು, ಹನ್ನೊಂದು ಪ್ರಶ್ನೆ. ಈ ಮನುಷ್ಯನನ್ನು ಬೆಳಗಿನಿಂದ ಗೋಳು ಹೊಯ್ದುಕೊಂಡದ್ದು ಸಾಕು ಎನ್ನಿಸಿ ಅದನ್ನು ಪಕ್ಕಕ್ಕೆ ಸರಿಸಿದಳು.

ಹೆಂಡತಿ ಒಳಗೆ ಯಂತ್ರದ ಹಲಗೆಯ ಮೇಲೆ ಮಲಗಿ ಕೈ ಚಾಚಿದ್ದಳು. ಬನ್ನಿ ಎಂದು ತಂತ್ರಜ್ಞೆ ಬಾಗಿಲು ತೆರೆದು ಹಿಡಿದಳು. ಗಂಡ ಹೊಸ್ತಿಲಲ್ಲೇ ನಿಂತು ಗೋಡೆಯ ಫಲಕವನ್ನು ಮಕ್ಕಳಂತೆ ತುಟಿಯಾಡಿಸುತ್ತ ಓದಿದ: ಲೋಹದ ಯಾವ ವಸ್ತುವೂ ಒಳಗೆ ಬೇಡ.

"ಇದರಲ್ಲಿ ಗುಂಡಿ ಇದೆಯೇನೋ, ನೋಡಿ," ಎಂದು ಟೋಪಿ ತೆಗೆದು ಅವಳ ಕೈಗಿತ್ತು ಕಾಲು ಮುಂದಿಟ್ಟ.

ಕಿವಿಯ ಮುಂದಿನಿಂದ ಹಣೆಯ ಮೇಲಿನವರೆಗೆ ಕುಡುಗೋಲಿನಂಥ ಹಳೆಯ ಹೊಲಿಗೆಯ ಗುರುತು. ಅದರ ಕೆಳಗೆ ಹೆಬ್ಬೆರಳಗಲ ಒಳಸರಿದ ಬುರುಡೆ.

ತಂತ್ರಜ್ಞೆ ಎರಡೂ ಕೈಯಿಂದ ಅವನ ಅಂಗಿ ಹಿಡಿದು ಎಳೆದಳು. ಇಬ್ಬರೂ ಕಾರಿಡಾರಿನ ನೆಲದ ಮೇಲೆ ಬಿದ್ದರು. ಅವನಿಗೆ ಏನಾಯಿತೆಂದು ತಿಳಿಯದೆ, ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದ.

ಒಳಗೆ ಹೆಂಡತಿ ನಿಧಾನವಾಗಿ ಎದ್ದು ಕೂತಳು. ಏನಾಯಿತೆಂದು ಅವಳು ಕೇಳಲಿಲ್ಲ.

"ಏನೇ ಆದ್ರೂ ಟೋಪಿ ಮಾತ್ರ ತೆಗೀಬೇಡಿ ಅಂತ ಮನೆಯಿಂದ ಹೇಳ್ಕೊಂಡೇ ಬಂದೆನಲ್ಲ," ಎಂದಳು.