ಎರಡು ಬಲೂನು

ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅವಳು ಬಾಗಿಲು ತೆರೆದರೆ, ಅವನು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹುಡುಗಿಯೊಬ್ಬಳು ನಿಂತಿದ್ದಳು.

“ಅಕ್ಕಾ, ಸರ್ ನನ್ನ ಸ್ಕೇಲು ತಂದಿದ್ರು. ಗಾಳಿಗೂ ತೂಕ ಇದೆ ಅಂತ ಇವತ್ತು ಕ್ಲಾಸಲ್ಲಿ ನಾನೇ ತೋರಿಸ್ಬೇಕು.”

ಸಾಯುವ ಹಿಂದಿನ ಸಂಜೆ ಅವನು ಕಿಟಕಿಗೆ ತಕ್ಕಡಿಯಂತೆ ತೂಗುಬಿಟ್ಟಿದ್ದ ಸ್ಕೇಲಿನ ಎರಡು ತುದಿಗೂ ಊದಿದ ಬಲೂನುಗಳಿದ್ದವು. ಹುಡುಗಿ ಕೈಚಾಚಿದಳು.

“ಬಲೂನು ಮುಟ್ಟಬೇಡ!” ಅವಳು ಅಡ್ಡ ನಿಂತಳು. “ಒಂದನ್ನ ಚುಚ್ಚಿ ಒಡೆಯೋದೇ ತಾನೇ ನಿಮ್ಮ ಪಾಠ? ಒಳಗಿರೋದು ಅವರ ಉಸಿರು ಕಣೇ. ನನಗೆ ಉಳಿದಿರೋದು ಅಷ್ಟೇ.”

ಹುಡುಗಿ ತಲೆ ತಗ್ಗಿಸಿದಳು.

“ಎರಡೂ ನಾನೇ ಶಾಲೇಲಿ ಊದಿ ಕೊಟ್ಟಿದ್ದು, ಅಕ್ಕಾ. ಒಂದು ತಿಂಗಳಿಂದ ಸರ್‌ಗೆ ಎದೆ ಹಿಡ್ಕೊಳ್ತಿತ್ತು, ಊದೋಕೆ ಆಗ್ತಿರ್ಲಿಲ್ಲ. ಮನೇಲಿ ಹೇಳ್ಬೇಡ ಅಂದಿದ್ರು.”

ಅವಳು ದಾರ ಬಿಚ್ಚಿ, ಸ್ಕೇಲಿನ ಜೊತೆ ಬಲೂನುಗಳನ್ನೂ ಹುಡುಗಿಯ ಕೈಗಿತ್ತಳು.